ನೀಲಿಯ ಕೆಳಗಿನ ಒಂಬತ್ತು

ಒಮ್ಮೆ ಬಿದ್ದು ಒಡೆದ ಹೆಲ್ಮೆಟ್ಟಿಗೆ ಬಿಳಿ ಬಣ್ಣ ಬಳಿದು, ಹೊಸದೆಂದು ಹೇಳಿ, ಪಂಚಶೀಲಾಳಿಗೆ ಕೊಟ್ಟರು. ಕೊಟ್ಟವನು ಅಫಜಲಪುರದ ಮೋಟರ್‌ಸೈಕಲ್ ಶೋರೂಮಿನ ಮಾಲೀಕ, ಅವಳ ರೇಸ್ ಟೀಮಿನ ಯಜಮಾನ ಕಲ್ಯಾಣಕುಮಾರ. ಅದನ್ನು ಹಾಕಿಕೊಂಡು ಅವಳು ತಮಿಳುನಾಡಿನ ಟ್ರ್ಯಾಕೊಂದರಲ್ಲಿ ಹೆಣ್ಣುಮಕ್ಕಳ ವಿಭಾಗದ ರೇಸಿಗೆ ಇಳಿದಳು. ಮೂರನೇ ಲ್ಯಾಪಿನಲ್ಲಿ ಬಿದ್ದಳು. ಎರಡು ನಿಮಿಷ ಎಚ್ಚರವಿರಲಿಲ್ಲ.

ಹೆಲ್ಮೆಟ್ಟಿನ ಸಂಗತಿ ಆಗ ಅವಳ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಐದನೇ ದಿನ ಅವಳು ಆಳಂದಕ್ಕೆ ಬಂದಳು. ಕಲಬುರಗಿವರೆಗೆ ರೈಲು, ಅಲ್ಲಿಂದ ಬಸ್ಸು. ಬಸ್ಸಿನ ಹಾರನ್ನಿಗೆ ದಾರಿಯುದ್ದಕ್ಕೂ ಕಿವಿ ಮುಚ್ಚಿಕೊಂಡೇ ಕುಳಿತಿದ್ದಳು. ಹೆಲ್ಮೆಟ್ ಚೀಲದಲ್ಲಿತ್ತು. ಟ್ರ್ಯಾಕಿನ ತಪಾಸಣೆಯವರು ಅದರ ನೆತ್ತಿಯ ಮೇಲೆ ಕೆಂಪು ಕಾಟು ಹೊಡೆದು, ಇದನ್ನಿನ್ನು ಯಾರೂ ಹಾಕುವಂತಿಲ್ಲ, ಎಸೆಯುವಂತೆಯೂ ಇಲ್ಲ, ಟೀಮಿನವರ ಲಿಖಿತ ಉತ್ತರದ ಜೊತೆಗೆ ತಿಂಗಳೊಳಗೆ ವಾಪಸ್ ಕಳಿಸಬೇಕು ಎಂದು ಹೇಳಿ ಅವಳ ಕೈಗೇ ಕೊಟ್ಟಿದ್ದರು.

"ಬಂದಿ? ಕೈಕಾಲು ಬರೋಬರ್ ಅವ?" ತಾಯಿ ಚಂದಮ್ಮ ಹೊಸ್ತಿಲಲ್ಲೇ ಕೇಳಿದಳು.

"ಅವ ಯವ್ವಾ."

"ತಲಿ?"

"ಜರಾ ಜಡ ಆಗೇದ."

"ಅದು ಮದಲೇ ಆಗಿತ್ತು. ಇಲ್ಲಾಂದ್ರ ಮೋಟರ್‌ಸೈಕಲ್ ಹತ್ತಿ ಸಾಯಾಕ ಯಾಕ ಹೋಗ್ತಿದ್ದಿ?"

"ಮದಲ ನೀರು ಕೊಡು ಅಕೀಗಿ," ಒಳಗಿನ ಹೊರಸಿನಿಂದ ಅಜ್ಜಿ ಗುರಮ್ಮ ಕೂಗಿದಳು. "ಬೈಯಾಕ ಇಡೀ ವಾರ ಅದ."

ಚಂದಮ್ಮ ಬೈಯುತ್ತಲೇ ನೀರು ಕೊಟ್ಟಳು, ಬೈಯುತ್ತಲೇ ಹಾಸಿಗೆ ಹಾಸಿದಳು. ಬೆಳಕಿಗೆ ಮಗಳು ಕಣ್ಣು ಕಿವುಚುವುದನ್ನು ಕಂಡು ಬಲ್ಬು ತೆಗೆದು ಗೂಡಿನಲ್ಲಿಟ್ಟಳು. ಸಂಜೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಂಚಶೀಲಾ ದಿಂಬಿನಲ್ಲಿ ಮುಖ ಹುದುಗಿಸಿದಾಗ, ಹಿಟ್ಟು ನಾದುವ ಕೊಣಮಿಗೆ, ಹಂಚು ಎತ್ತಿಕೊಂಡು ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿ ಅಲ್ಲಿ ಬಡಿದಳು. ಇಪ್ಪತ್ತು ದಿನ ಹಾಗೇ ನಡೆಯಿತು.

ಆ ಮನೆಯಲ್ಲಿ ಒಂದು ವರ್ಷದಿಂದ ಎಲ್ಲವೂ ಪಂಚಶೀಲಾಳ ಕುತ್ತಿಗೆಯ ಸುತ್ತ ನಡೆದಿತ್ತು. ಇಪ್ಪತ್ತೆರಡರ ಹುಡುಗಿ, ಆಳಂದದಲ್ಲೇ ಇದ್ದ ಕಲ್ಯಾಣಕುಮಾರನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ರಿಪೇರಿಯಾದ ಗಾಡಿಗಳನ್ನು ಓಡಿಸಿ ನೋಡುವುದು ಅವಳ ಕೆಲಸವಾಗಿತ್ತು. ಓಡಿಸುವ ವೈಖರಿ ಕಂಡ ಅವನು ಟೀಮಿಗೆ ಸೇರಿಸಿಕೊಂಡಿದ್ದ. ನೂರಾ ಇಪ್ಪತ್ತರ ವೇಗದಲ್ಲಿ ಗಾಳಿ ತಲೆಯನ್ನು ಹಿಂದಕ್ಕೆಳೆಯುತ್ತದೆ, ಬ್ರೇಕ್ ಹಿಡಿದರೆ ಅದೇ ತಲೆ ಮುಂದಕ್ಕೆ ಬೀಳುತ್ತದೆ. ಕುತ್ತಿಗೆ ಸೋತರೆ ಕಣ್ಣು ದಾರಿ ತಪ್ಪುತ್ತದೆ. ಅದಕ್ಕೆ ಅಪ್ಪ ಮಲ್ಕಪ್ಪನ ಖಾಲಿ ಬಣ್ಣದ ಡಬ್ಬಿಗೆ ಮರಳು ತುಂಬಿ, ಹಳೇ ಪಟ್ಟಿಯಿಂದ ಹಣೆಗೆ ಕಟ್ಟಿಕೊಂಡು, ಹೊರಸಿನ ಅಂಚಿಗೆ ಮಲಗಿ ತಲೆ ಎತ್ತಿ ಇಳಿಸುತ್ತಿದ್ದಳು. ಮುಂಗೈ ಗಟ್ಟಿಯಾಗಲೆಂದು ಮನೆಯ ಹಾಸಿಗೆ ಕೌದಿಯೆಲ್ಲ ಅವಳೇ ಹಿಂಡುತ್ತಿದ್ದಳು. ಇಡೀ ತಾಲೀಮಿನಲ್ಲಿ ಚಂದಮ್ಮನಿಗೆ ಹಿಡಿಸಿದ್ದು ಅದೊಂದೇ. ಏಪ್ರಿಲ್ ತಿಂಗಳ ಎರಡು ಗಂಟೆ ಬಿಸಿಲಲ್ಲಿ ಚರ್ಮದ ಸೂಟು ತೊಟ್ಟು ನರೋಣಾ ದಾರಿಯಲ್ಲಿ ಓಡುತ್ತಿದ್ದಳು. ಟ್ರ್ಯಾಕಿನಲ್ಲಿ ಆ ಸೂಟಿನೊಳಗೆ ಮುಕ್ಕಾಲು ಗಂಟೆಗೆ ಒಂದು ಕಿಲೋ ಬೆವರು ಹೋಗುತ್ತದೆ, ಈಗಲೇ ರೂಢಿಯಾಗಬೇಕು ಎನ್ನುತ್ತಿದ್ದಳು. ಗುರಮ್ಮ ಉಪ್ಪು ಹಾಕಿದ ಮಜ್ಜಿಗೆಯ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ದಿನಕ್ಕೆ ಆರು ತತ್ತಿ. ಅದರ ಮೇಲೆ ಮನೆಯಲ್ಲಿ ದಿನವೂ ಜಗಳ.

"ಕೋಳಿ ಸೈತ ಇಷ್ಟು ತತ್ತಿ ನೋಡಿರಂಗಿಲ್ಲ," ಎಂದು ಚಂದಮ್ಮ.

"ಅಕೀ ತಿನ್ಲಿ ಬಿಡು," ಎಂದು ಮಲ್ಕಪ್ಪ.

"ನಿನ್ನ ಬಾಯಾಗ 'ಬಿಡು', 'ಆಯ್ತ್ರಿ' ಇವೆರಡು ಬಿಟ್ರ ಬ್ಯಾರೆ ಮಾತು ಹುಟ್ಯಾವೇನು?"

ಅದು ಖರೆ. ಮಲ್ಕಪ್ಪ ಮೂವತ್ತು ವರ್ಷದಿಂದ ಜಹೀರುದ್ದೀನನ ಶೆಡ್ಡಿನಲ್ಲಿ ಲಾರಿ, ಟ್ರ್ಯಾಕ್ಟರು, ಕಬ್ಬಿನ ಟ್ರಾಲಿಗಳಿಗೆ ಬಣ್ಣ ಹೊಡೆಯುವವನು. ಹಸಿರು ಬೇಕು ಎಂದರೆ ಆಯ್ತ್ರಿ, ನಾಳೆಗೇ ಬೇಕು ಎಂದರೆ ಆಯ್ತ್ರಿ. ಜಜ್ಜಿದ ತಗಡನ್ನು ಜಹೀರುದ್ದೀನ ಬಡಿದು ಎಬ್ಬಿಸುತ್ತಿದ್ದ. ಉಳಿದ ತಗ್ಗಿಗೆ ಮಲ್ಕಪ್ಪ ಪುಟ್ಟಿ ತುಂಬಿ, ನೀರು ಹಾಕಿ ಉಜ್ಜಿ, ಬಣ್ಣ ಹೊಡೆದರೆ ಪೆಟ್ಟು ಎಲ್ಲಿತ್ತೆಂದು ಗಾಡಿಯ ಧಣಿಗೂ ತಿಳಿಯುತ್ತಿರಲಿಲ್ಲ.

ಹೆಲ್ಮೆಟ್ ಪ್ಲಾಸ್ಟಿಕ್ ಸುತ್ತಿದ ಡಬ್ಬಿಯಲ್ಲಿ ಬಂದ ದಿನ ಗುರಮ್ಮ ಒಂದೇ ಮಾತು ಕೇಳಿದ್ದಳು.

"ಹೊಸಾದೇನು?"

"ಹೊಸಾದು ಆಯಿ. ಸರ್ ಅಂದಾರ."

ಗುರಮ್ಮ ಹಾಗೆ ಕೇಳುವುದಕ್ಕೆ ಕಾರಣವಿತ್ತು. ಅವಳ ತವರು ಸೊನ್ನದ ಕಡೆ. ಕಲ್ಯಾಣಕುಮಾರನ ಅಜ್ಜನ ಹೊಲದಲ್ಲೇ ಅವಳು ಕಳೆ ಕಿತ್ತವಳು. ಸುಗ್ಗಿ ಮುಗಿದಾಗ ಆ ಮನೆಯ ಗೌಡತಿ ಕೂಲಿಯವರಿಗೆ ಉಟ್ಟು ಬಿಟ್ಟ ಸೀರೆ ಎಸೆಯುತ್ತಿದ್ದಳು. ಬುದ್ಧನ ದಾರಿ ಹಿಡಿದ ವರ್ಷ ಗುರಮ್ಮ ತನ್ನ ಪಾಲಿನ ಸೀರೆಯನ್ನು ಅದೇ ಮನೆಯ ಕಂಪೌಂಡಿನ ಮೇಲೆ ಒಣಹಾಕಿ ಬಂದಳು. ಅವತ್ತಿನಿಂದ ಮಂದಿ ಬಿಟ್ಟದ್ದು ಈ ಮನೆಯೊಳಗೆ ಬರುವಂತಿಲ್ಲ. ಚಂದಮ್ಮ ಹಿಂದೆ ಕೆಲಸಕ್ಕಿದ್ದ ಮನೆಯಿಂದ ಮಗಳಿಗೊಂದು ಹಳೇ ಫ್ರಾಕು ತಂದಿದ್ದಳು. ಗುರಮ್ಮ ಅದನ್ನು ನೀರೊಲೆಗೆ ತುರುಕಿದ್ದಳು. ಆರು ವರ್ಷದ ಪಂಚಶೀಲಾ ಬರಿಮೈಯಲ್ಲಿ ಓಣಿಯಲ್ಲಿ ನಿಂತು ಅತ್ತಿದ್ದಳು.

ಹೆಲ್ಮೆಟ್ ಹೊಸದೆಂದು ಕೇಳಿದ ಮೇಲೆ ಮಲ್ಕಪ್ಪ ಅದಕ್ಕೆ ನೀಲಿ ಬಣ್ಣ ಹೊಡೆದ. ಹಿಂಬದಿಗೆ ಬಿಳಿಯಲ್ಲಿ ಇಪ್ಪತ್ನಾಲ್ಕು ಕಡ್ಡಿಗಳ ಚಕ್ರ ಬರೆದ. ಕೂದಲಿನಷ್ಟು ಸಣ್ಣ ಕಡ್ಡಿಗಳು. ಮೂರು ರಾತ್ರಿ ಬೇಕಾಯಿತು.

ಶನಿವಾರ ಸಂಜೆ ಜೇವರ್ಗಿಯಿಂದ ಸುಮಂಗಲಾ ಬಂದಳು. ಪಂಚಶೀಲಾಳ ಅಕ್ಕ, ಅಲ್ಲಿ ನರ್ಸು. ಚಪ್ಪಲಿ ಬಿಡುವ ಮೊದಲೇ ದವಾಖಾನೆಯ ಚೀಟಿ ಕೇಳಿದಳು.

"ಏನ್ ಬರದಾರ ನೋಡಿಯಿಲ್ಲ? ಇಪ್ಪತ್ತೊಂದು ದಿನ ಗಾಡಿ ಮುಟ್ಟಂಗಿಲ್ಲ. ಆಮ್ಯಾಲ ರೇಸಿನ ಡಾಕ್ಟರ್ರು ಪರೀಕ್ಷಾ ಮಾಡಿ ಹೂಂ ಅಂದ್ರ ಮಾತ್ರ."

"ಮುಂದಿನ ರೇಸ್ ಇಪ್ಪತ್ನಾಕನೇ ದಿನಕ್ಕ ಅದ ಅಕ್ಕಾ. ಬರೋಬರ್ ಆಗ್ತದ."

"ಕ್ಯಾಲೆಂಡರ್ ಹರದ್ರ ಮಿದುಳು ಕೂಡ್ತದೇನು? ತಿಂಗಳ ಹೆಸರು ಹಿಂದಿನಿಂದ ಹೇಳು."

"ಡಿಸೆಂಬರ್, ನವೆಂಬರ್, ಅಕ್ಟೋಬರ್..." ಪಂಚಶೀಲಾ ತಡೆದಳು. "ಆಗಸ್ಟ್. ಅಲ್ಲ. ಆಗಸ್ಟ್?"

"ನನಗ ಮುಂದಿನಿಂದಾನೂ ಹೇಳಾಕ ಬರಂಗಿಲ್ಲ," ಎಂದಳು ಗುರಮ್ಮ. "ನಂದೂ ತಲಿ ಒಡದದೇನು?"

ಎಲ್ಲರೂ ನಕ್ಕರು. ಪಂಚಶೀಲಾ ನಗಲು ಹೋಗಿ ತಲೆ ಹಿಡಿದುಕೊಂಡಳು. ಸುಮಂಗಲಾ ನಗು ನಿಲ್ಲಿಸಿ ಚೀಲದಿಂದ ಹೆಲ್ಮೆಟ್ ತೆಗೆದು, ಒಳಗಿನ ಮೆತ್ತೆ ಕಿತ್ತು, ಕೆಳಗಿದ್ದ ಥರ್ಮಾಕೋಲಿನಂಥದ್ದರ ಮೇಲೆ ಬೆರಳಾಡಿಸಿದಳು. ಎಡಗಿವಿಯ ಹಿಂದೆ ಅದು ಹಪ್ಪಳದಂತೆ ಜಜ್ಜಿಹೋಗಿತ್ತು.

"ಪೆಟ್ಟು ತಿನ್ನೂದು ಇದು. ಒಮ್ಮೆ ಜಜ್ಜಿತಂದ್ರ ಮತ್ತ ಏಳಂಗಿಲ್ಲ. ಅದಕ್ಕ ರೇಸಿನ ಕಾಯ್ದೆದಾಗ ಬಿದ್ದ ಹೆಲ್ಮೆಟ್ ಮತ್ತ ಹಾಕಂಗಿಲ್ಲ. ಹೆಲ್ಮೆಟ್ ಒಂದೇ ಸಲ ದುಡೀತದ."

"ಒಂದೇ ಸಲ?" ಮಲ್ಕಪ್ಪ ಕೇಳಿದ.

"ಒಂದೇ ಸಲ ಅಪ್ಪಾ. ಮ್ಯಾಲಿನ ಚಿಪ್ಪು ಸೀಳಿದ್ರಂತೂ ಮುಗದೇ ಹೋತು."

ಮಲ್ಕಪ್ಪ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದ. ಪುಂಡಿಪಲ್ಯ ಇದ್ದ ದಿನ ಅವನು ಹಾಗೆ ಎದ್ದದ್ದು ಚಂದಮ್ಮ ಕಂಡಿರಲಿಲ್ಲ.

ಎರಡನೇ ವಾರ ಕಲ್ಯಾಣಕುಮಾರನ ಫೋನು ಬಂತು. ಕಿವಿಗೆ ಹಿಡಿದರೆ ಸಹಿಸಲಾಗದೆ ಪಂಚಶೀಲಾ ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. ಇಡೀ ಮನೆ ಕೇಳಿತು.

"ಆರಾಮ ಆದೇನು ಪಂಚಶೀಲಾ?"

"ಆಗಾಕತ್ತೇನ್ರಿ ಸರ್."

"ಜಲ್ದಿ ಆಗು. ಹೆಣ್ಮಕ್ಕಳ ವಿಭಾಗಕ್ಕ ಆರು ಮಂದಿ ಬೇಕು. ಈಗ ಐದೇ ಅದಾರ. ನೀ ಬರಲಿಲ್ಲಾಂದ್ರ ರೇಸೇ ರದ್ದು. ಕಂಪನಿಯವರು ನೋಡಾಕ ಬರೂ ರೇಸ್ ಅದು."

"ಡಾಕ್ಟರ್ ಪರೀಕ್ಷಾ ಅದಲ್ರಿ."

"ಏನ್ ಪರೀಕ್ಷಾ? ತಲಿ ನೋಯ್ತದೇನು ಅಂತ ಕೇಳ್ತಾರ. ಇಲ್ಲಾ ಅನ್ನು. ನಿನ್ನ ತಲಿ ಒಳಗ ಇಳದು ಯಾರು ನೋಡ್ತಾರ?" ಅವನೇ ಮುಂದುವರಿಸಿದ: "ಆ ಹೆಲ್ಮೆಟ್ ನೀ ಕಳಿಸಾಕ ಹೋಗಬ್ಯಾಡ. ನಾ ಬಂದು ಒಯ್ತೇನಿ. ನಿಮ್ಮಪ್ಪ ಅದಕ್ಕ ಬಣ್ಣಾ ಹಚ್ಚ್ಯಾನಲ್ಲ, ಅದೇ ಲಫಡಾ ಆಗೇದ."

ಫೋನು ಕಟ್ಟಾಯಿತು. ಚಂದಮ್ಮ ಗಂಡನ ಕಡೆ ತಿರುಗಿದಳು.

"ಬಣ್ಣದ್ದೇನು ಲಫಡಾ?"

ಮಲ್ಕಪ್ಪ ಬಹಳ ಹೊತ್ತು ನೀರು ಕುಡಿದ. "ಗೆರಿ ಇತ್ತು," ಎಂದ.

"ಏನ್ ಗೆರಿ?"

"ಡಬ್ಬಿ ಬಿಚ್ಚಿದಾಗ ಎಡಗಿವಿ ಹಿಂದ ಒಂದು ಗೆರಿ ಕಂಡಿತ್ತು. ಕೂದಲಿನಂಥಾದು. ಲಾರ್‍ಯಾಗ ಬರೂವಾಗ ಗೀರಿರಬೇಕು ಅಂದ್ಕೊಂಡೆ. ಪುಟ್ಟಿ ತುಂಬಿ ಉಜ್ಜಿದೆ. ಲಾರಿ ಬಾಗಲಿಗಿ ಮಾಡಿದಂಗ."

ಪಂಚಶೀಲಾ ಗೋಡೆ ಹಿಡಿದು ಎದ್ದು ನಿಂತಳು. "ರೇಸಿಗಿ ಮುಂಚೆ ತಪಾಸಣಿಯವ ಹೆಬ್ಬಟ್ಟು ಹಚ್ಚಿ ಹಚ್ಚಿ ನೋಡಿದ ಅಪ್ಪಾ. ಯಾರ ಕೈ ಬಣ್ಣ ಇದು, ಎಷ್ಟು ನುಣುಪು ಅದ ಅಂದ. ನಮ್ಮಪ್ಪಂದು ಅಂತ ಹೇಳಿದೆ. ಗೆರಿ ಕಂಡಿದ್ರ ಅವ ನನಗ ಒಳಗ ಬಿಡ್ತಿರಲಿಲ್ಲ. ನೀ ಯಾಕ ಹೇಳಲಿಲ್ಲ?"

"ನೀ ಹೊಸಾ ಹೆಲ್ಮೆಟ್ ಅಂತ ಓಣಿ ತುಂಬ ತೋರಿಸಾಕತ್ತಿದ್ದಿ."

"ಅದಕ್ಕ?"

"ಅದಕ್ಕ ಹೇಳಲಿಲ್ಲ."

"ಮೂವತ್ತು ವರ್ಷ ಮಂದಿ ಗಾಡಿ ಪೆಟ್ಟು ಮುಚ್ಚಿ ಮುಚ್ಚಿ ಮನಿ ಮಗಳ ತಲೀದೂ ಮುಚ್ಚಿದೆಲ್ಲೋ!" ಚಂದಮ್ಮ ಕೈಯಲ್ಲಿದ್ದ ಸೌಟನ್ನು ಗೋಡೆಗೆ ಬೀಸಿದಳು. ಸದ್ದಿಗೆ ಪಂಚಶೀಲಾ ಕುಸಿದು ಕುಳಿತಳು. ಚಂದಮ್ಮ ಓಡಿಬಂದು ಮಗಳ ಎರಡೂ ಕಿವಿ ಅಂಗೈಯಲ್ಲಿ ಮುಚ್ಚಿದಳು.

ಅಲ್ಲಿಂದ ಆರು ದಿನ ಮಗಳು ಅಪ್ಪನ ಜೊತೆ ಮಾತಾಡಲಿಲ್ಲ. ಮಲ್ಕಪ್ಪ ದಿನವೂ ಬೆಳಿಗ್ಗೆ ಆರು ತತ್ತಿ ತಾನೇ ಕುದಿಸಿ, ಸುಲಿದು, ಅವಳ ತಲೆದೆಸೆಗಿಟ್ಟು ಶೆಡ್ಡಿಗೆ ಹೋಗುತ್ತಿದ್ದ. ಅವಳು ನಾಲ್ಕು ತಿಂದು ಎರಡು ಬಿಡುತ್ತಿದ್ದಳು. ಒಂದು ಮಧ್ಯಾಹ್ನ, ಚಂದಮ್ಮ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗಿದ್ದಾಗ, ಮರಳಿನ ಡಬ್ಬಿ ಹಣೆಗೆ ಕಟ್ಟಿಕೊಂಡು ತಲೆ ಎತ್ತಿದಳು. ಮೂರನೇ ಸಲಕ್ಕೆ ಸೂರು ತಿರುಗಿತು. ವಾಂತಿಯನ್ನು ಗುರಮ್ಮ ಬೂದಿ ಹಾಕಿ ಬಳಿದಳು.

"ನಿಮ್ಮವ್ವಗ ಹೇಳಂಗಿಲ್ಲ," ಎಂದಳು. "ಆದ್ರ ನನಗ ಸುಳ್ಳು ಹೇಳಬ್ಯಾಡ. ನೋಯ್ತದೋ ಇಲ್ಲೋ?"

"ಇಲ್ಲ ಆಯಿ."

"ಹಾಂ. ನನಗೂ ಮೊಣಕಾಲು ನೋಯಂಗಿಲ್ಲ."

ಮುಂದಿನ ಶನಿವಾರ ಸುಮಂಗಲಾ ಮತ್ತೆ ತಿಂಗಳು ಕೇಳಿದಳು. ಪಂಚಶೀಲಾ ಒಂದೇ ಉಸಿರಿಗೆ ಡಿಸೆಂಬರಿನಿಂದ ಜನವರಿಗೆ ಬಂದು ನಿಂತಳು. ಗುರಮ್ಮ ಚಪ್ಪಾಳೆ ತಟ್ಟಿದಳು. ಸುಮಂಗಲಾ ತಂಗಿಯ ದಿಂಬು ಎತ್ತಿದಳು. ಕೆಳಗಿದ್ದ ಕಾಗದದಲ್ಲಿ ಹನ್ನೆರಡು ತಿಂಗಳ ಹೆಸರು ಹಿಂದಿನಿಂದ ಬರೆದಿತ್ತು.

"ಶಾಣ್ಯಾಕಿ! ಈಗ ನಮ್ಮ ಓಣಿ ಮನಿ ಹೇಳು. ನಳದ ಕಡಿಂದ ನಮ್ಮನಿ ತನಕ. ಇದನ್ನ ಬರಕೊಂಡಿರಂಗಿಲ್ಲ."

"ಅದೇನು ದೊಡ್ಡದು? ಮದಲ ಮಲ್ಕಮ್ಮನ ಮನಿ. ಆಮ್ಯಾಲ ಹಿಟ್ಟಿನ ಗಿರಣಿ. ಆಮ್ಯಾಲ..." ಪಂಚಶೀಲಾಳ ಕಣ್ಣು ಓಡಾಡಿತು. "ಹಸಿರು ಬಾಗಲು. ಆಡು ಕಟ್ಟತಾರ ನೋಡು. ಅವರ..."

ಹಸಿರು ಬಾಗಿಲಿನದು ಕುಲಸುಮಬಿಯ ಮನೆ. ಹಾಲು ಹಲ್ಲಿನ ಕಾಲದಿಂದ ಅವಳು ಅಲ್ಲಿ ಉಂಡು ಮಲಗಿದವಳು. ಹೆಸರು ಬರಲಿಲ್ಲ. ಬಿದ್ದ ಮೇಲೆ ಪಂಚಶೀಲಾ ಅತ್ತದ್ದು ಅವತ್ತೇ ಮೊದಲು.

ಸುಮಂಗಲಾ ಪಕ್ಕದಲ್ಲಿ ಕುಳಿತಳು. "ಇದರ ಮ್ಯಾಲ ಇನ್ನೊಂದು ಸಣ್ಣ ಪೆಟ್ಟು ಬಿದ್ರೂ ನೀ ಎದ್ದು ಬರಂಗಿಲ್ಲ. ತಿರುವಿನಾಗ ನಿನಗ ಜೋಲಿ ಬಂತಂದ್ರ ಹಿಂದಿನಾಕೀನೂ ಬೀಳ್ತಾಳ. ಅಕೀಗೂ ಅವ್ವ ಅದಾಳ."

"ಈ ಸಲ ಹೋಗಲಿಲ್ಲಾಂದ್ರ ನನಗ ಗಾಡಿ ಯಾರು ಕೊಡ್ತಾರ ಅಕ್ಕಾ? ನಮ್ಮಂಥಾವರಿಗಿ ಕರದು ಕೊಡಾಕ ಯಾರ್ ಕುಂತಾರ?"

ಸುಮಂಗಲಾ ತಂಗಿಯ ಕಣ್ಣೊರೆಸಿದಳು. ಎದ್ದು ಹೋಗಿ ಅವ್ವನ ಜೊತೆ ಬದನೆಕಾಯಿ ಹೆಚ್ಚಲು ಕುಳಿತಳು.

ಮೂರನೇ ವಾರದ ಗುರುವಾರ ಕಲ್ಯಾಣಕುಮಾರನೇ ಬಂದ. ಬಿಳಿ ಅಂಗಿ, ಕೈಯಲ್ಲಿ ದೊಡ್ಡದೊಂದು ಡಬ್ಬಿ. ಮಲ್ಕಪ್ಪ ಕುರ್ಚಿ ಒರೆಸಿ ಅಂಗಳಕ್ಕೆ ತಂದಿಟ್ಟ. ಅವನು ಕುರ್ಚಿಯ ಮೇಲೆ ಡಬ್ಬಿ ಇಟ್ಟು ತಾನು ನಿಂತೇ ಇದ್ದ. ಚಂದಮ್ಮ ಚಹಾ ತಂದಳು.

"ಬ್ಯಾಡಮ್ಮ, ನನಗ ಶುಗರ್ ಅದ."

"ಸಕ್ರಿ ಹಾಕಿಲ್ರಿ," ಎಂದಳು ಚಂದಮ್ಮ.

"ಹಾಲೂ ಬಿಟ್ಟೇನಿ."

"ಇವರಜ್ಜಗೂ ಇದೇ ಬ್ಯಾನಿ ಇತ್ತು," ಗುರಮ್ಮ ಹೊರಸಿನಿಂದಲೇ ಎಂದಳು. "ನಮ್ಮ ಓಣ್ಯಾಗ ಕಾಲಿಟ್ರ ಶುಗರ್ ಏರ್ತಿತ್ತು."

ಕಲ್ಯಾಣಕುಮಾರ ಕೇಳಿಸದವನಂತೆ ಕಿಸೆಯಿಂದ ಕಾಗದ ತೆಗೆದ. ಟೀಮು ಕೊಟ್ಟ ಹೆಲ್ಮೆಟ್ ಹೊಚ್ಚ ಹೊಸದಾಗಿತ್ತು. ಸವಾರಳ ತಂದೆ ಮನೆಯಲ್ಲಿ ಥಿನ್ನರ್ ಹಾಕಿದ ಬಣ್ಣ ಬಳಿದಿದ್ದರಿಂದ ಅದರ ಬಲ ಕುಂದಿ ಒಡೆಯಿತು. ಇದಕ್ಕೆ ತಂದೆಯೇ ಹೊಣೆ. ಕೆಳಗೆ ಸಹಿಗೆ ಜಾಗ.

"ಇದಕ್ಕ ಸಹಿ ಮಾಡು. ಹೆಲ್ಮೆಟ್ ಹಿಂಗೇ ನೀಲಿ ಬಣ್ಣದ ಸಮೇತ ಕಳಿಸ್ತೇನಿ, ಕಾಗದಕ್ಕ ಅದೇ ಪುರಾವೆ. ತಿಂಗಳೊಳಗ ಮುಟ್ಟಲಿಲ್ಲಾಂದ್ರ ಟೀಮಿನ ಲೈಸೆನ್ಸ್ ಹೋಗ್ತದ." ಡಬ್ಬಿ ತಟ್ಟಿದ. "ಇದರಾಗ ಖರೆ ಹೊಸಾದು ಅದ, ಕಂಪನಿ ಸೀಲ್ ಸಮೇತ. ಸಹಿ ಆದ್ರ ಇದು ಪಂಚಶೀಲಾಂದು. ವರ್ಷಪೂರ್ತಿ ಗಾಡಿ ಅಕೀದೇ. ರವಿವಾರ ವ್ಯಾನ್ ತಗೊಂಡು ಬರ್ತೇನಿ, ಕಾಗದ, ಹೆಲ್ಮೆಟ್ ಒಯ್ತೇನಿ, ಇಲ್ಲಿಂದಲೇ ಟ್ರ್ಯಾಕಿಗಿ."

"ಆಯ್ತ್ರಿ," ಎಂದ ಮಲ್ಕಪ್ಪ.

ಕಲ್ಯಾಣಕುಮಾರ ಹೋದ ಮೇಲೆ ಪಂಚಶೀಲಾ ಆರು ದಿನಗಳ ನಂತರ ಅಪ್ಪನ ಜೊತೆ ಮಾತಾಡಿದಳು.

"ಮಾಡು ಅಪ್ಪಾ ಸಹಿ. ಗೆರಿ ಮುಚ್ಚಿದ್ದು ನೀನೇ ಅಲ್ಲ?"

"ಮಾಡಿದ ತಪ್ಪಿಗಿ ಸಹಿ ಮಾಡ್ಲಿ," ಎಂದಳು ಚಂದಮ್ಮ. "ಪುಟ್ಟಿ ತುಂಬೀನಿ ಅಂತ ಬರೀಲಿ. ಬಲ ಕುಂದೂದು ಗಿಂದೂದು ಇವಗೇನು ಗೊತ್ತು?"

"ನೀ ನಡುವ ಬರಬ್ಯಾಡ ಯವ್ವಾ. ನಾ ಗಾಡಿ ಬಿಟ್ರ ನಿನಗ ಖುಷಿ."

"ಹೌದು ಖುಷಿ. ಸೂಟು ಹಾಕ್ಕೊಂಡು ಬಿಸಲಾಗ ಓಡೂದು ನಿಂತ್ರ ಖುಷಿ. ಆದ್ರ ಹೆದರಿ ನಿಂತ್ರ ಖುಷಿ ಇಲ್ಲ, ಸುಳ್ಳು ಹೇಳಿ ಓಡಿದ್ರೂ ಖುಷಿ ಇಲ್ಲ. ತಿಳೀತಾ?"

ಮಲ್ಕಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟ. "ಮದಲ ನೋಡ್ತೇನಿ. ಗೆರಿ ಎಷ್ಟು ಆಳ ಇತ್ತು ಅಂತ ನೋಡೇ ಸಹಿ ಮಾಡ್ತೇನಿ."

ಶುಕ್ರವಾರ ಮಧ್ಯಾಹ್ನ ಶೆಡ್ಡಿನಲ್ಲಿ ಅವನು ಹೆಲ್ಮೆಟ್ಟನ್ನು ಗೋಣಿತಟ್ಟಿನ ಮೇಲಿಟ್ಟು ಕುಳಿತ. ಜಹೀರುದ್ದೀನ ಸುತ್ತಿಗೆ ಕೆಳಗಿಟ್ಟ. ಹುಡುಗಿ ಬಂದಿದ್ದಾಳೆ, ಸದ್ದು ಬೇಡ. ಪಂಚಶೀಲಾ ಬಕೀಟಿನಿಂದ ತಂಬಿಗೆಯಲ್ಲಿ ನೀರು ಹನಿಸಿದಳು. ಮಲ್ಕಪ್ಪ ಉಜ್ಜುವ ಕಾಗದವನ್ನು ಬೆರಳಿಗೆ ಸುತ್ತಿ, ಎಡಗಿವಿಯ ಹಿಂದೆ ಅಂಗೈಯಗಲ ಜಾಗವನ್ನು ಉಜ್ಜತೊಡಗಿದ. ಕೆಂಪು ಕಾಟನ್ನು ಮುಟ್ಟಲಿಲ್ಲ.

ನೀಲಿ ನೀರು ಇಳಿಯಿತು. ಚಕ್ರದ ನಾಲ್ಕೈದು ಕಡ್ಡಿಗಳು ಹೋದವು. ಆಮೇಲೆ ಬಣ್ಣದಡಿಗೆಂದು ಅವನೇ ಹಾಕಿದ ಬೂದು ಅಸ್ತರು. ಅದರ ಕೆಳಗೆ ಅವನ ಪುಟ್ಟಿ, ಬಿಳಿಯದು, ಕಡ್ಡಿಯಷ್ಟು ತೆಳು. ಅದರ ಕೆಳಗೆ ಶೋರೂಮಿನಿಂದ ಬಂದಾಗ ಇದ್ದ ಬಿಳಿ ಬಣ್ಣ. ಅಲ್ಲಿಗೆ ಮುಗಿಯಬೇಕಿತ್ತು. ಬಿಳಿಯೂ ಹೋಯಿತು. ಕೆಳಗಿನಿಂದ ಗುಲಾಬಿ ಬಣ್ಣದ್ದೊಂದು ಪಟ್ಟೆ ಎದ್ದಿತು, ಎರಡು ಬೆರಳಗಲ, ಗೇಣುದ್ದ.

ಜಹೀರುದ್ದೀನ ಬಗ್ಗಿ ನೋಡಿದ. "ಏ ಮಲ್ಕಪ್ಪಾ, ಈ ಪುಟ್ಟಿ ನಮ್ಮದಲ್ಲಪಾ. ನಾವು ಬಿಳೀದು ತರ್ತೇವಿ. ಗುಲಾಬೀದು ಯಾರು ತುಂಬ್ಯಾರ?"

ಮಲ್ಕಪ್ಪ ಉಜ್ಜುತ್ತಲೇ ಇದ್ದ. ಗುಲಾಬಿ ಪುಟ್ಟಿ ಕರಗಿದಂತೆ ಅದರೊಳಗಿನ ಸೀಳು ಬಾಯಿಬಿಟ್ಟಿತು. ಸೀಳಿನ ಎರಡೂ ಕಡೆ ಹಳದಿ. ಹಳದಿಯ ಮೇಲೆ ಕಪ್ಪು ಬಣ್ಣದ್ದೊಂದು ದಪ್ಪ ಗುಂಡು, ಅದರಿಂದ ಇಳಿದ ಬಾಲ.

ಒಂಬತ್ತು.

ಪಂಚಶೀಲಾಳ ಕೈಯ ತಂಬಿಗೆ ನಿಂತಿತು. ಒಂಬತ್ತು ಕಲ್ಯಾಣಕುಮಾರನ ತಮ್ಮನ ಮಗನ ನಂಬರು. ಹೋದ ವರ್ಷ ದೀಪಾವಳಿಯ ಮುಂದಿನ ರೇಸಿನಲ್ಲಿ ಅವನು ಬಿದ್ದಾಗ ಅವಳು ಟ್ರ್ಯಾಕಿನ ಪಕ್ಕ ಗಾಡಿ ರಿಪೇರಿ ಮಾಡುವ ಪಿಟ್ಟಿನಲ್ಲಿದ್ದಳು. ಮಣ್ಣಿನಲ್ಲಿ ಉರುಳಿದ್ದ ಹಳದಿ ಹೆಲ್ಮೆಟ್ಟನ್ನು ಎತ್ತಿ ತಂದವಳು ಅವಳೇ.

"ವ್ಯಾನಿನ್ಯಾಗ ಹಾಕು, ಎಸೀತೇವಿ ಅಂದಿದ್ರು," ಎಂದಳು. "ನನ್ನ ಕೈಯಾರೆ ಹಾಕಿದ್ದೆ ಅಪ್ಪಾ. ಅಂವಗ ಮರುದಿನಾನೇ ಹೊಸಾದು ಬಂತು. ನನಗ ಇದನ್ನ ಕೊಟ್ರು."

ಮಲ್ಕಪ್ಪ ಕಾಗದ ಬಿಟ್ಟು ಸೀಳಿನಲ್ಲಿ ಉಗುರಿಟ್ಟ. ಉಗುರು ಒಳಗೆ ಹೋಯಿತು.

ಮನೆಯಲ್ಲಿ ಗುರಮ್ಮ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹಳದಿಯ ಮೇಲೆ ಕೈಯಾಡಿಸಿದಳು.

"ಹೊಸಾದು ಅಂದಿದ್ರಲ್ಲ."

"ಅಂದಿದ್ರು ಆಯಿ."

"ಸೀರಿ ಆಗಿದ್ರ ಮೂಗಿಗಿ ಹಿಡದು ಹೇಳ್ತಿದ್ದೆ. ಇದರ ವಾಸನಿ ನಿಮ್ಮಪ್ಪನ ಬಣ್ಣದಾಗ ಮುಚ್ಚಿಹೋತು." ಅವಳು ಸೊಸೆಯ ಕಡೆ ನೋಡಿದಳು. "ಫ್ರಾಕ್ ಸುಟ್ಟಿದ್ದಕ್ಕ ಇನ್ನಾ ಸಿಟ್ಟು ಅದೇನ ಚಂದೀ?"

"ಅದ," ಎಂದಳು ಚಂದಮ್ಮ. "ಚಲೋ ಫ್ರಾಕ್ ಇತ್ತದು." ಆಮೇಲೆ ಹಿತ್ತಲಿಗೆ ಹೋಗಿ ಜೋರಾಗಿ ಮೂಗು ಸೀಟಿದಳು.

ಶನಿವಾರ ಸುಮಂಗಲಾ ಬಂದಾಗ ರೇಸಿನವರಿಗೆ ಕಾಗದ ಬರೆಯುವುದೆಂದಾಯಿತು. ಪಂಚಶೀಲಾ ಹೇಳಿದಳು, ಸುಮಂಗಲಾ ಬರೆದಳು. ಹೆಲ್ಮೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಸೋಮವಾರ ಸುಮಂಗಲಾಳೇ ಕಲಬುರಗಿಯಿಂದ ಕೊರಿಯರ್ ಮಾಡುವುದು.

"ನಾ ಬಿಳಿ ಪುಟ್ಟಿ ತುಂಬಿದ್ದೂ ಬರಿ," ಎಂದ ಮಲ್ಕಪ್ಪ.

"ಅದು ಯಾಕಪ್ಪಾ? ಅವರಿಗಿ ಅದೇ ನೆಪ ಸಿಗ್ತದ."

"ಬರಿ ಅಂದೆ. ಗೆರಿ ಕಂಡೂ ಮುಚ್ಚಿದ ಅಂತ ಬರಿ. ಕೆಳಗ ನನ್ನ ಹೆಸರು ಹಾಕು."

ಬರೆದಾದ ಮೇಲೆ ಪಂಚಶೀಲಾ ದವಾಖಾನೆಯ ಚೀಟಿಯಲ್ಲಿದ್ದ ರೇಸಿನ ಡಾಕ್ಟರರ ನಂಬರಿಗೆ ತಾನೇ ಫೋನು ಮಾಡಿದಳು. ಒಳಗೆ ತಂದಿಟ್ಟ ಹೊಸ ಹೆಲ್ಮೆಟ್ಟಿನ ಡಬ್ಬಿ ಎದುರಿಗೇ ಇತ್ತು. ತಲೆ ನೋಯುತ್ತದೆಯೇ ಎಂದು ಅವರು ಕೇಳಿದರು. ಅವಳು ಡಬ್ಬಿಯ ಕಡೆ ನೋಡಿದಳು.

"ನೋಯ್ತದ್ರಿ," ಎಂದಳು. "ದಿನಾ ನೋಯ್ತದ. ಬೆಳಕು ನೋಡಾಕ ಆಗಂಗಿಲ್ರಿ. ನಮ್ಮ ಓಣಿ ಮಂದಿ ಹೆಸರು ಮರೀತೇನಿ."

ಅವರು ಅವಳ ಹೆಸರನ್ನು ಆ ರೇಸಿನ ಪಟ್ಟಿಯಿಂದ ತೆಗೆಯುತ್ತೇವೆ ಎಂದರು. ಮುಂದಿನದ್ದು ಎರಡು ತಿಂಗಳ ನಂತರ, ಸ್ಕ್ಯಾನ್ ನೋಡಿ. ಪಂಚಶೀಲಾ ಫೋನಿಟ್ಟು ಗೋಡೆಗೊರಗಿದಳು. ಚಂದಮ್ಮ ತಾಟು ತಂದಳು: ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಆರು ತತ್ತಿ.

"ರೇಸ್ ಇಲ್ಲ ಯವ್ವಾ. ಆರು ಯಾಕ?"

"ಕುತ್ತಿಗಿ ಅದಲ್ಲ? ತಿನ್ನು."

ಆರೂ ತಿಂದಳು.

ರವಿವಾರ ಬೆಳಿಗ್ಗೆ ಹತ್ತಕ್ಕೆ ವ್ಯಾನು ಓಣಿಯ ಬಾಯಲ್ಲಿ ನಿಂತಿತು. ಕಲ್ಯಾಣಕುಮಾರ ಅಂಗಳಕ್ಕೆ ಬರುವಾಗಲೇ ಕೂಗುತ್ತಿದ್ದ.

"ನಿನ್ನ ಹೆಸರು ಪಟ್ಟ್ಯಾಗ ಇಲ್ಲಂತ ಮೆಸೇಜ್ ಬಂದದ! ಏನ್ ಹೇಳ್ದಿ ಡಾಕ್ಟರಿಗಿ?"

"ಖರೆ ಹೇಳೀನ್ರಿ ಸರ್."

"ಖರೆ! ನಾಳೆ ವರ್ಕ್‌ಶಾಪಿಗಿ ಬರಬ್ಯಾಡ. ಗಾಡೀನೂ ಇಲ್ಲ, ಕೆಲಸಾನೂ ಇಲ್ಲ. ಎಲ್ಲದ ಹೆಲ್ಮೆಟ್?"

ಹೆಲ್ಮೆಟ್ ಗುರಮ್ಮನ ಮಡಿಲಲ್ಲಿತ್ತು. ಕೆಂಪು ಕಾಟು, ನೀಲಿ, ಅರ್ಧ ಚಕ್ರ, ಗುಲಾಬಿಯ ಅಂಚು, ಹಳದಿ, ಕಪ್ಪು ಒಂಬತ್ತು. ಕಲ್ಯಾಣಕುಮಾರನ ಕಾಲು ನಿಂತವು.

"ಯಾರು ಉಜ್ಜಿದ್ದು ಇದನ್ನ?"

"ನಾನೇ ರಿ," ಎಂದ ಮಲ್ಕಪ್ಪ.

ಕಲ್ಯಾಣಕುಮಾರ ದನಿ ಇಳಿಸಿದ. ಒರೆಸಿಟ್ಟಿದ್ದ ಕುರ್ಚಿಯ ಮೇಲೆ ಅವತ್ತು ಮೊದಲ ಸಲ ಕುಳಿತ. "ನೋಡು ಮಲ್ಕಪ್ಪಾ. ಹುಡುಗರ ಕೈತಪ್ಪಿನಿಂದ ಡಬ್ಬಿ ಅದಲುಬದಲು ಆಗಿರಬೇಕು. ದೊಡ್ಡದು ಮಾಡಬ್ಯಾಡ. ನೀ ಹುಷಾರ ಕೈಯವ. ಮದಲಿನಂಗ ಪುಟ್ಟಿ ತುಂಬು, ನೀಲಿ ಹೊಡಿ, ಚಕ್ರ ಬರಿ. ಕೆಂಪು ಕಾಟಿಗಿ ಕೈ ಹಚ್ಚಬ್ಯಾಡ. ಸಂಜೀ ತನಕ ವ್ಯಾನ್ ಇಲ್ಲೇ ನಿಂದ್ರಿಸ್ತೇನಿ. ಪಂಚಶೀಲಾಂದು ಕೆಲಸ ಉಳೀತದ. ಈ ಹೊಸಾ ಹೆಲ್ಮೆಟ್ ಇಲ್ಲೇ ಇರ್ತದ. ಎರಡು ತಿಂಗಳ ಮ್ಯಾಲ ಗಾಡೀನೂ ಕೊಡ್ತೇನಿ, ಬೇಕಾದ್ರ ಬರದು ಕೊಡ್ತೇನಿ."

ಪಂಚಶೀಲಾ ಹೊಸ ಡಬ್ಬಿಯನ್ನು ಎತ್ತಿ ತಂದು ಕಲ್ಯಾಣಕುಮಾರನ ಕಾಲ ಬಳಿ ಇಟ್ಟಳು. ಸೀಲು ಒಡೆದಿರಲಿಲ್ಲ.

"ಇದನ್ನ ನಿಮ್ಮ ತಮ್ಮನ ಮಗನಿಗೇ ಕೊಡ್ರಿ ಸರ್. ಅಂವನ ಹಳೇದು ನಮ್ಮ ಹತ್ತರ ಅದ."

"ನೀ ಸುಮ್ಮನಿರು! ನಾ ನಿಮ್ಮಪ್ಪಗ ಹೇಳಾಕತ್ತೇನಿ." ಅವನು ಮಲ್ಕಪ್ಪನ ಕಡೆ ತಿರುಗಿದ. "ಆಳಂದದಿಂದ ಅಫಜಲಪುರ ತನಕ ಎಷ್ಟು ಟ್ರಾಲಿ ಅವ, ಅವು ಯಾರ ಮಂದೀವು ನಿನಗ ಗೊತ್ತದ. ನಾಳೆಯಿಂದ ಒಂದೂ ನಿನ್ನ ಶೆಡ್ಡಿಗಿ ಬರಂಗಿಲ್ಲ. ಎದ್ದೇಳು. ಬಣ್ಣಾ ತಗಿ."

ಮಲ್ಕಪ್ಪ ಎದ್ದ. ಮೂಲೆಯಲ್ಲಿದ್ದ ನೀಲಿ ಬಣ್ಣದ ಡಬ್ಬಿ ಎತ್ತಿಕೊಂಡು ಬಂದ. ಚಂದಮ್ಮನ ಬಾಯಿ ತೆರೆಯಿತು. ಗುರಮ್ಮ ಅವಳ ಸೆರಗು ಹಿಡಿದು ಎಳೆದಳು. ಮಲ್ಕಪ್ಪ ಡಬ್ಬಿಯನ್ನು ಕಲ್ಯಾಣಕುಮಾರನ ಮುಂದೆ ನೆಲದ ಮೇಲಿಟ್ಟು, ಸಡಿಲಾಗಿದ್ದ ಮುಚ್ಚಳವನ್ನು ಅಂಗೈಯಿಂದ ಸುತ್ತಲೂ ಒತ್ತಿ ಒತ್ತಿ ಬಿಗಿದ. ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಬಿಚ್ಚದೆ, ಮುಚ್ಚಳದ ಮೇಲಿಟ್ಟ.

"ಏನಿದು? ಹಚ್ಚು ಅಂದೆ."

"ಹಚ್ಚೂದಿಲ್ಲ," ಎಂದ ಮಲ್ಕಪ್ಪ.